ಮೊದಲ ತುತ್ತು

ಮಗುವಿಗೆ ಐದು ತಿಂಗಳು ತುಂಬಿ ಆರನೆಯದು ನಡೆಯುತ್ತಿರುವ ಮನೆಯಲ್ಲಿ ಒಂದು ಮಾತು ತಾನಾಗಿಯೇ ಏಳುತ್ತದೆ. ಇನ್ನು ಹಾಲೊಂದೇ ಸಾಕೆ, ಬೇರೆ ಏನನ್ನಾದರೂ ತಿನ್ನಿಸಲು ತೊಡಗಬೇಕೆ? ಅಜ್ಜಿಯ ಅಭಿಪ್ರಾಯ ಒಂದು, ನೆರೆಮನೆಯವರದು ಇನ್ನೊಂದು. ಒಬ್ಬರು ನಾಲ್ಕನೆಯ ತಿಂಗಳಿಗೇ ಗಂಜಿ ಕುಡಿಸಿದವರು. ಮತ್ತೊಬ್ಬರು ಹಲ್ಲು ಮೂಡುವವರೆಗೆ ಏನನ್ನೂ ಮುಟ್ಟಿಸದವರು. ಎಲ್ಲರ ಮಕ್ಕಳೂ ಬೆಳೆದು ದೊಡ್ಡವರಾಗಿದ್ದಾರೆ; ಆದುದರಿಂದ ಎಲ್ಲರಿಗೂ ತಮ್ಮ ತಮ್ಮ ಮಾತಿನಲ್ಲಿ ನಂಬಿಕೆ ಉಂಟು. ಬದುಕಿ ಬೆಳೆಯದೆ ಹೋದ ಮಕ್ಕಳ ಪರವಾಗಿ ಸಾಕ್ಷಿ ನುಡಿಯುವವರು ಮಾತ್ರ ಆ ಮಾತುಕತೆಯಲ್ಲಿ ಇರುವುದಿಲ್ಲ.

ಮೈಸೂರು ನಗರಕ್ಕೂ ಈ ಪ್ರಶ್ನೆಗೂ ವಿಶೇಷವಾದ ನಂಟಿದೆ. ಚೆಲುವಾಂಬ ಎಂಬ ಹೆಸರನ್ನು ಹೊತ್ತ ಎರಡು ಕಟ್ಟಡಗಳು ಈ ಊರಿನಲ್ಲಿವೆ. ಒಂದು, ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಇನ್ನೊಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಭವನ. ಈ ಭವನದಲ್ಲಿ 1950ರ ಅಕ್ಟೋಬರ್ ತಿಂಗಳಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಪ್ರಾರಂಭವಾಯಿತು. ಊರಿನವರು ಅದನ್ನು ಸಿ.ಎಫ್.ಟಿ.ಆರ್.ಐ. ಎಂದೇ ಕರೆಯುತ್ತಾರೆ. ಒಂದು ಕಟ್ಟಡದಲ್ಲಿ ಮಕ್ಕಳು ಹುಟ್ಟುತ್ತಾರೆ. ಆ ಮಕ್ಕಳ ಬಟ್ಟಲಿಗೆ ಏನು ಬೀಳಬೇಕು ಎಂಬ ವಿಚಾರ ಇನ್ನೊಂದರಲ್ಲಿ ನಡೆದಿದೆ.

ಹುಟ್ಟಿದ ಮೊದಲ ಆರು ತಿಂಗಳು ತಾಯಿಯ ಹಾಲೇ ಮಗುವಿಗೆ ಅನ್ನ, ಅದೇ ನೀರು. ಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಬೇಸಗೆಯ ದಿನಗಳಲ್ಲಿಯೂ ಪ್ರತ್ಯೇಕವಾಗಿ ನೀರು ಕುಡಿಸಬೇಕಾದ ಅಗತ್ಯವಿಲ್ಲ. ಎಳೆಯ ಕೂಸಿನ ದೇಹವೂ ಬೇರೆ ಆಹಾರಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ. ಅದರ ಬಾಯಿಗೆ ಚಮಚವನ್ನಿಟ್ಟರೆ ನಾಲಗೆಯು ತಾನಾಗಿಯೇ ಅದನ್ನು ಹೊರಕ್ಕೆ ನೂಕುತ್ತದೆ. ಪಿಷ್ಟವನ್ನು ಕರಗಿಸುವ ರಸವು ಮೇದೋಜೀರಕ ಗ್ರಂಥಿಯಲ್ಲಿ ಆಗ ಬಹು ಸ್ವಲ್ಪವೇ ಉತ್ಪತ್ತಿಯಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ನೀರಿನದು, ಪಾತ್ರೆಯದು, ಕೈಯದು. ಗಂಜಿಯೊಡನೆ ರೋಗಾಣುಗಳೂ ಒಳಹೋಗಿ ಭೇದಿಯನ್ನುಂಟುಮಾಡುತ್ತವೆ. ಗಂಜಿಯಿಂದ ಹೊಟ್ಟೆ ತುಂಬಿದ ಕೂಸು ಹಾಲನ್ನು ಕಡಿಮೆ ಕುಡಿಯುತ್ತದೆ. ಕೂಸು ಕಡಿಮೆ ಕುಡಿದಂತೆ ತಾಯಿಯಲ್ಲಿ ಹಾಲೂ ಕಡಿಮೆಯಾಗುತ್ತದೆ. ಹೀಗೆ ನಾಲ್ಕನೆಯ ತಿಂಗಳಿಗೇ ಅವಸರಪಟ್ಟವರು ಒಳ್ಳೆಯದನ್ನು ಕಳೆದು ಕಡಿಮೆಯದನ್ನು ಕೊಟ್ಟಂತಾಗುತ್ತದೆ.

ಆದರೆ ಆರು ತಿಂಗಳು ತುಂಬುವ ವೇಳೆಗೆ ಲೆಕ್ಕವು ಬದಲಾಗುತ್ತದೆ. ಅಷ್ಟರಲ್ಲಿ ಮಗುವಿನ ತೂಕ ಹುಟ್ಟಿದಾಗ ಇದ್ದುದರ ಎರಡರಷ್ಟನ್ನು ಮೀರಿರುತ್ತದೆ. ಗರ್ಭದಲ್ಲಿದ್ದಾಗ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಪಡೆದು ಯಕೃತ್ತಿನಲ್ಲಿ ಕೂಡಿಟ್ಟುಕೊಂಡಿದ್ದ ಕಬ್ಬಿಣದ ಅಂಶವು ಮುಗಿಯುತ್ತ ಬಂದಿರುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕಿಲೊಕ್ಯಾಲರಿ ಶಕ್ತಿ ಬೇಕು. ತಾಯಿಯ ಹಾಲು ಅದರಲ್ಲಿ ಸುಮಾರು 400ನ್ನು ಒದಗಿಸುತ್ತದೆ. ಉಳಿದ 200 ಕಿಲೊಕ್ಯಾಲರಿಯನ್ನು ತುಂಬಿಕೊಡುವುದೇ ಮೊದಲ ತುತ್ತಿನ ಕೆಲಸ. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಈ ಕೊರತೆ ಸುಮಾರು 300ಕ್ಕೂ, ವರ್ಷ ತುಂಬಿದ ಮೇಲೆ ಸುಮಾರು 550ಕ್ಕೂ ಏರುತ್ತದೆ. ಹಾಲನ್ನು ಬಿಡಿಸಬೇಕೆಂದು ಇದರ ಅರ್ಥವಲ್ಲ. ಎರಡು ವರ್ಷ ತುಂಬುವವರೆಗೂ, ಆಮೇಲೂ, ತಾಯಿಯ ಹಾಲನ್ನು ಮುಂದುವರಿಸಬಹುದು. ಆಹಾರವು ಹಾಲಿಗೆ ಜೊತೆಗಾರನೇ ಹೊರತು ಬದಲಿಗಾರನಲ್ಲ.

ಈ ವಯಸ್ಸಿಗೆ ಮಗುವೂ ತನ್ನ ಸಿದ್ಧತೆಯನ್ನು ತೋರಿಸುತ್ತದೆ. ಒತ್ತುಕೊಟ್ಟರೆ ಕೂರುತ್ತದೆ, ಕತ್ತನ್ನು ನೆಟ್ಟಗೆ ನಿಲ್ಲಿಸುತ್ತದೆ, ದೊಡ್ಡವರು ಉಣ್ಣುವಾಗ ತುತ್ತಿನ ಹಿಂದೆಯೇ ಕಣ್ಣು ಹಾಯಿಸುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ. ಚಮಚವನ್ನು ನಾಲಗೆ ಈಗ ಹೊರದೂಡುವುದಿಲ್ಲ. ಹಲ್ಲು ಮೂಡಿರಬೇಕೆಂಬುದು ಸರಿಯಲ್ಲ. ಮೆತ್ತನೆಯ ಆಹಾರವನ್ನು ಒಸಡೇ ಅರೆಯಬಲ್ಲುದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಿ ನಡೆಯಬೇಕು.

ಹಿಂದಿನವರು ಇದನ್ನು ಅರಿಯದವರಲ್ಲ. ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳುತ್ತವೆ. ಮಕ್ಕಳ ವೈದ್ಯಕ್ಕೆ ಹೆಸರಾದ ಕಾಶ್ಯಪ ಸಂಹಿತೆಯಾದರೋ ಆರನೆಯ ತಿಂಗಳಿನಲ್ಲಿ ಹಣ್ಣನ್ನೂ ಹತ್ತನೆಯ ತಿಂಗಳಿನಲ್ಲಿ ಅನ್ನವನ್ನೂ ಹೇಳುತ್ತದೆ. ಹಳೆಯ ಗ್ರಂಥಗಳಲ್ಲಿಯೂ ಎಲ್ಲರದು ಒಂದೇ ಮಾತಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇನ್ನೊಂದು ಸಂಗತಿಯೂ ಉಂಟು. ಒಳ್ಳೆಯ ಮುಹೂರ್ತದಲ್ಲಿ ಮಗುವಿನ ನಾಲಗೆಗೆ ಪಾಯಸವನ್ನು ಸೋಕಿಸಿ ಶಾಸ್ತ್ರವನ್ನು ಮುಗಿಸಿದ ಮನೆಯವರೇ, ದಿನನಿತ್ಯದ ಉಣಿಸನ್ನು ಎಂಟನೆಯ ಒಂಬತ್ತನೆಯ ತಿಂಗಳವರೆಗೆ ಮುಂದೂಡುವುದುಂಟು. ಅನ್ನಪ್ರಾಶನ ಒಂದು ದಿನದ ಹಬ್ಬ. ಮಗುವಿನ ಹಸಿವು ಪ್ರತಿದಿನದ್ದು.

ಆಧುನಿಕ ವೈದ್ಯಶಾಸ್ತ್ರವೂ ಮೊದಲಿನಿಂದ ಒಂದೇ ಮಾತಿಗೆ ನಿಂತಿಲ್ಲ. ನಾಲ್ಕರಿಂದ ಆರು ತಿಂಗಳ ನಡುವೆ ಆಹಾರವನ್ನು ಪ್ರಾರಂಭಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹಿಂದೆ ಹೇಳುತ್ತಿದ್ದಿತು. ಅನೇಕ ದೇಶಗಳ ಅನುಭವವನ್ನು ಪರಿಶೀಲಿಸಿದ ಬಳಿಕ, ಆರು ತಿಂಗಳು ತುಂಬುವವರೆಗೆ ಹಾಲೊಂದೇ ಸಾಕೆಂಬ ನಿರ್ಣಯವನ್ನು ವಿಶ್ವ ಆರೋಗ್ಯ ಸಭೆಯು 2001ರ ಮೇ ತಿಂಗಳಿನಲ್ಲಿ ಅಂಗೀಕರಿಸಿತು. ಭಾರತದಲ್ಲಿ ಶಿಶು ಆಹಾರದ ಮಾರಾಟ ಮತ್ತು ಜಾಹೀರಾತನ್ನು ಕಟ್ಟಿಡುವ ಕಾನೂನು 1992ರಲ್ಲಿ ಬಂದಾಗ ಅದರಲ್ಲಿ ನಾಲ್ಕು ತಿಂಗಳು ಎಂದಿತ್ತು. 2003ರ ತಿದ್ದುಪಡಿಯಲ್ಲಿ ಅದನ್ನು ಆರು ತಿಂಗಳು ಎಂದು ಬದಲಿಸಲಾಯಿತು. ನಾಲ್ಕನೆಯ ತಿಂಗಳಿಗೇ ತೊಡಗಿದ ಅಜ್ಜಿಯರನ್ನು ಅಜ್ಞಾನಿಗಳೆಂದು ಹಳಿಯುವ ಮುನ್ನ, ಅವರ ಕಾಲದ ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದುವು ಎಂಬುದನ್ನು ನೆನೆಯುವುದು ನ್ಯಾಯ.

ಯಾವಾಗ ಎಂಬುದು ಹೀಗೆ ತೀರ್ಮಾನವಾದರೂ ಹೇಗೆ ಎಂಬುದು ಉಳಿಯುತ್ತದೆ. ನಿಜವಾದ ಕಷ್ಟವಿರುವುದು ಇಲ್ಲಿಯೇ.

ಏಳು ಕಿಲೊಗ್ರಾಂ ತೂಕದ ಮಗುವಿನ ಜಠರದಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿಲಿಲೀಟರು, ಎಂದರೆ ಒಂದು ಲೋಟದಷ್ಟು. ಆ ಒಂದು ಲೋಟದೊಳಗೆ ಎಷ್ಟು ಸತ್ತ್ವವನ್ನು ಅಡಗಿಸಬಹುದು ಎಂಬುದೇ ಪ್ರಶ್ನೆ. ರಾಗಿ, ಅಕ್ಕಿ, ಗೋಧಿ ಯಾವುದೇ ಇರಲಿ, ಅದರ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ಹಿಟ್ಟನ್ನು ನೀರಿಗೆ ಹಾಕಿ ಕಾಯಿಸಿದಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಗಂಜಿ ಗಟ್ಟಿಯಾಗುತ್ತದೆ. ಮುದ್ದೆ ಮುದ್ದೆಯಾಗುವುದೂ ಈ ಗುಣದಿಂದಲೇ. ಆದರೆ ಎಳೆಯ ಮಗು ಮುದ್ದೆಯನ್ನು ನುಂಗಲಾರದು. ಗಂಟಲಿಗೆ ಅಂಟಿಕೊಂಡೀತೆಂಬ ಹೆದರಿಕೆಯಿಂದ ತಾಯಿ ಇನ್ನಷ್ಟು ನೀರು ಬೆರೆಸುತ್ತಾಳೆ. ಗಂಜಿ ಸರಾಗವಾಗಿ ಇಳಿಯುತ್ತದೆ. ಮಗು ಲೋಟ ತುಂಬ ಕುಡಿದು ತೃಪ್ತಿಯಿಂದ ಮಲಗುತ್ತದೆ. ಹೊಟ್ಟೆ ತುಂಬಿದೆ ಎಂದು ಎಲ್ಲರೂ ತಿಳಿಯುತ್ತಾರೆ.

ತುಂಬಿರುವುದು ಏನು ಎಂಬುದನ್ನು ಲೆಕ್ಕಹಾಕಿ ನೋಡಬಹುದು. ಒಂದು ಗ್ರಾಂ ರಾಗಿ ಹಿಟ್ಟಿನಲ್ಲಿ ಮೂರು ಕಿಲೊಕ್ಯಾಲರಿಗೆ ತುಸು ಮೇಲ್ಪಟ್ಟ ಶಕ್ತಿಯಿದೆ. ಒಂದು ಲೋಟ ತೆಳುಗಂಜಿಗೆ 12 ಗ್ರಾಂ ಹಿಟ್ಟು ಹಿಡಿಯಿತೆಂದು ಇಟ್ಟುಕೊಂಡರೆ ಅದರಿಂದ ದೊರೆಯುವುದು ಸುಮಾರು 40 ಕಿಲೊಕ್ಯಾಲರಿ. ದಿನಕ್ಕೆ ಎರಡು ಲೋಟ ಕುಡಿಸಿದರೆ 80. ಬೇಕಾದುದು 200. ಕೊರತೆಯಾದ 120 ಕಿಲೊಕ್ಯಾಲರಿಗೆ ಮಗು ಅಳುವುದೂ ಇಲ್ಲ. ನೀರಿನಿಂದ ಹಿಗ್ಗಿದ ಹೊಟ್ಟೆ ಹಸಿವನ್ನು ಮರೆಸಿರುತ್ತದೆ. ಅದು ತೂಕದಲ್ಲಿ ಹಿಂದೆ ಬೀಳುತ್ತದೆ, ಎತ್ತರದಲ್ಲಿ ಹಿಂದೆ ಬೀಳುತ್ತದೆ; ಸಣ್ಣ ಜ್ವರವೂ ಅದನ್ನು ಮಲಗಿಸುತ್ತದೆ. ಎರಡು ವರ್ಷದೊಳಗೆ ಹೀಗೆ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ಪೂರ್ಣವಾಗಿ ಸರಿದೂಗಿಸುವುದು ಬಹು ಕಷ್ಟ. ಅನ್ನವಿಲ್ಲದ ಮನೆಯಲ್ಲಿ ಮಾತ್ರವಲ್ಲ, ಕಣಜದಲ್ಲಿ ರಾಗಿ ತುಂಬಿರುವ ಮನೆಯಲ್ಲಿಯೂ ಮಗು ಹೀಗೆ ಬಡವಾಗಬಹುದು.

ಮೈಸೂರಿನ ಸಂಶೋಧನಾ ಸಂಸ್ಥೆಯು ಮಕ್ಕಳ ಆಹಾರದ ವಿಷಯಕ್ಕೆ ಮೊದಲು ಕೈಹಾಕಿದ್ದು ಬೇರೊಂದು ದಿಕ್ಕಿನಿಂದ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಿಶುಗಳಿಗಾಗಿ ತಯಾರಿಸಿದ ಹಾಲಿನ ಪುಡಿಯು ವಿದೇಶಗಳಿಂದ ಬರುತ್ತಿದ್ದಿತು. ನಮ್ಮ ದೇಶದಲ್ಲಿ ಹೇರಳವಾಗಿದ್ದುದು ಎಮ್ಮೆಯ ಹಾಲು. ಅದರಲ್ಲಿ ಜಿಡ್ಡು ಹೆಚ್ಚು, ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುವ ಗುಣವೂ ಹೆಚ್ಚು. ಅದರಿಂದ ಶಿಶುಗಳಿಗೆ ಒಗ್ಗುವ ಪುಡಿಯನ್ನು ಮಾಡುವ ವಿಧಾನವನ್ನು ಸಂಸ್ಥೆಯ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, 1950ರ ದಶಕದಲ್ಲಿ, ಇಲ್ಲಿಯ ವಿಜ್ಞಾನಿಗಳು ಕಂಡುಹಿಡಿದರು. ಗುಜರಾತಿನ ಆನಂದ್ ಪಟ್ಟಣದ ಹಾಲು ಉತ್ಪಾದಕರ ಸಹಕಾರ ಸಂಘವು ಆ ವಿಧಾನದಿಂದಲೇ ಅಮುಲ್ ಶಿಶು ಆಹಾರವನ್ನು ತಯಾರಿಸಿತು. ಇದು ಹೆಮ್ಮೆಪಡತಕ್ಕ ಸಾಧನೆಯೇ ಸರಿ. ಆದರೂ ಡಬ್ಬಿಯ ಪುಡಿ ಹಣವುಳ್ಳವರ ವಸ್ತು. ಉಳಿತಾಯಕ್ಕೆಂದು ಅದಕ್ಕೆ ನೀರು ಹೆಚ್ಚಿಸಿದರೆ ಗಂಜಿಯ ಕಥೆಯೇ ಅದರದೂ ಆಗುತ್ತದೆ.

ಇದಾದ ಎರಡು ದಶಕಗಳ ಮೇಲೆ ಅದೇ ಸಂಸ್ಥೆಯ ವಿಜ್ಞಾನಿಗಳಾದ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರ ದೃಷ್ಟಿ ಹಳ್ಳಿಯ ರಾಗಿಯತ್ತ ತಿರುಗಿತು. ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ತಿನ್ನಿಸುವ ವಾಡಿಕೆಯುಂಟು. ರಾಗಿಯನ್ನು ತೊಳೆದು, ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಮೊಳಕೆ ಬಂದ ಕಾಳನ್ನು ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ನುಣುಪಾದ ಆ ಹಿಟ್ಟನ್ನು ಕಾಯಿಸಿದರೆ ಸರಿಯಾಗುತ್ತದೆ. ಮೊಳಕೆ ಬರಿಸಿದರೆ ಮಗುವಿಗೆ ಬೇಗ ಅರಗುತ್ತದೆ ಎಂಬುದಷ್ಟೇ ಮನೆಯವರು ಹೇಳುತ್ತಿದ್ದ ಕಾರಣ. ಆ ಮಾತಿನ ಹಿಂದೆ ಇನ್ನೂ ದೊಡ್ಡದೊಂದು ಸತ್ಯವಿದೆ ಎಂಬುದು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು.

ಬೀಜದಲ್ಲಿರುವ ಪಿಷ್ಟ ಸಸಿಗಾಗಿ ಕೂಡಿಟ್ಟ ಬುತ್ತಿ. ಮೊಳಕೆಯೊಡೆಯುವಾಗ ಆ ಬುತ್ತಿಯನ್ನು ಬಿಚ್ಚಲು ಬೀಜವು ಅಮೈಲೇಸ್ ಎಂಬ ಕಿಣ್ವವನ್ನು ಸೃಷ್ಟಿಸಿಕೊಳ್ಳುತ್ತದೆ. ಈ ಕಿಣ್ವವು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡುತುಂಡಾಗಿ ಕತ್ತರಿಸುತ್ತದೆ. ತುಂಡಾದ ಪಿಷ್ಟವು ನೀರನ್ನು ಹಿಡಿದು ಉಬ್ಬಲಾರದು. ಆದುದರಿಂದ ಮೊಳಕೆ ಬರಿಸಿದ ರಾಗಿಯ ಹಿಟ್ಟನ್ನು ಎರಡು ಮೂರು ಪಟ್ಟು ಹೆಚ್ಚಾಗಿ ಹಾಕಿದರೂ ಸರಿಯು ತೆಳುವಾಗಿಯೇ ಉಳಿಯುತ್ತದೆ. ಮೇಲಿನ ಲೋಟಕ್ಕೆ 12 ಗ್ರಾಮಿನ ಬದಲು 36 ಗ್ರಾಂ ಹಿಟ್ಟು ಹಿಡಿಯಿತೆಂದರೆ ದೊರೆಯುವ ಶಕ್ತಿ ಸುಮಾರು 115 ಕಿಲೊಕ್ಯಾಲರಿ; ಎರಡು ಲೋಟದಲ್ಲಿ ದಿನದ ಕೊರತೆ ತುಂಬಿಹೋಗುತ್ತದೆ. ಲೋಟ ಅದೇ, ಹೊಟ್ಟೆ ಅದೇ, ರಾಗಿಯೂ ಅದೇ. ನಡುವೆ ಬಂದುದು ಮೊಳಕೆಯೊಂದೇ. ಕಿರುಧಾನ್ಯಗಳಲ್ಲಿ ಈ ಕೆಲಸಕ್ಕೆ ರಾಗಿಯು ವಿಶೇಷವಾಗಿ ತಕ್ಕುದೆಂದೂ ಅವರು ಕಂಡರು. ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳುಗಳಿಂದ ತೆಳುವಾದರೂ ಸತ್ತ್ವಭರಿತವಾದ ಶಿಶು ಆಹಾರವನ್ನು ತಯಾರಿಸುವ ಕ್ರಮವನ್ನು 1982ರಲ್ಲಿ ಪ್ರಕಟಿಸಿದರು.

ವಿಜ್ಞಾನವು ಮನೆಯ ವಾಡಿಕೆಯನ್ನು ಸಮರ್ಥಿಸಿತೆಂದು ಹಿಗ್ಗಿ ಸುಮ್ಮನಾಗುವಂತಿಲ್ಲ. ಅದು ವಾಡಿಕೆಯ ದೋಷಗಳನ್ನೂ ತೋರಿಸಿಕೊಟ್ಟಿತು. ಕಿಣ್ವವು ಬಿಸಿಗೆ ಅಂಜುವ ವಸ್ತು. ಘಮಘಮಿಸಲೆಂದು ಮೊಳಕೆಯ ರಾಗಿಯನ್ನು ಬಾಣಲೆಯಲ್ಲಿ ಕೆಂಪಗೆ ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಸಾಯುತ್ತದೆ; ಮೊಳಕೆ ಬರಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಹಾಗೆಯೇ ಹಿಟ್ಟನ್ನು ಕುದಿಯುವ ನೀರಿಗೆ ಸುರಿಯಬಾರದು. ತಣ್ಣೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಸರಿಯು ಬಿಸಿಯೇರುತ್ತಿರುವ ಆ ಕೆಲವು ನಿಮಿಷಗಳಲ್ಲಿ ಕಿಣ್ವವು ತನ್ನ ಕೆಲಸವನ್ನು ಮಾಡಿ ಮುಗಿಸುತ್ತದೆ. ಆಮೇಲೆ ಚೆನ್ನಾಗಿ ಕುದಿಸಲೇಬೇಕು. ಏಕೆಂದರೆ ತೇವದಲ್ಲಿ ಎರಡು ಮೂರು ದಿನ ಇದ್ದ ಕಾಳಿನಲ್ಲಿ ಸೂಕ್ಷ್ಮಾಣುಗಳೂ ಬೆಳೆದಿರುತ್ತವೆ. ಬೂಷ್ಟು ಹಿಡಿದ ಕಾಳನ್ನು ಮುಲಾಜಿಲ್ಲದೆ ಎಸೆಯಬೇಕು.

ಎಲ್ಲ ಹಿಟ್ಟನ್ನೂ ಮೊಳಕೆಯ ಧಾನ್ಯದಿಂದಲೇ ಮಾಡಬೇಕೆಂದೇನೂ ಇಲ್ಲ. ಮೊಳಕೆಯ ಹಿಟ್ಟು ಒಂದು ಚಮಚವಿದ್ದರೆ ಸಾಕು, ಗಟ್ಟಿಯಾದ ಬೇರೆ ಗಂಜಿಯನ್ನೂ ಅದು ತೆಳುವಾಗಿಸಬಲ್ಲುದು. 1980ರ ದಶಕದಲ್ಲಿ ಬರೋಡಾದ ವಿಶ್ವವಿದ್ಯಾನಿಲಯದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಸಂಗಡಿಗರು ಗೋಧಿಯ ಮೊಳಕೆಯ ಹಿಟ್ಟಿನಿಂದ ಇದನ್ನು ತೋರಿಸಿದರು. ಅದೇ ದಶಕದಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ ಜೋಳದ ಮೊಳಕೆಯ ಹಿಟ್ಟನ್ನು ಮಕ್ಕಳ ಗಂಜಿಗೆ ಬೆರೆಸಲು ತಾಯಂದಿರಿಗೆ ಕಲಿಸಲಾಯಿತು. ಅಲ್ಲಿ ಮೊಳಕೆಯ ಧಾನ್ಯದಿಂದ ಮದ್ಯವನ್ನು ತಯಾರಿಸುವ ರೂಢಿ ಮೊದಲಿನಿಂದಲೂ ಇದ್ದಿತು. ದೊಡ್ಡವರ ಪಾನಕ್ಕೆ ಒದಗುತ್ತಿದ್ದ ವಿದ್ಯೆ ಮಕ್ಕಳ ಬಟ್ಟಲಿಗೂ ಒದಗಿದುದು ವಿಶೇಷ.

ರಾಗಿಯೊಂದರಿಂದಲೇ ಎಲ್ಲವೂ ಪೂರೈಸುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬರಲಾರವು. ಆದರೆ ದೇಹಪೋಷಣೆಗೆ ಬೇಕಾದ ಲೈಸೀನ್ ಎಂಬ ಅಂಶ ಧಾನ್ಯಗಳಲ್ಲಿ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳವಾಗಿದೆ. ಎರಡು ಪಾಲು ರಾಗಿಗೆ ಸುಮಾರು ಒಂದು ಪಾಲು ಹೆಸರುಕಾಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೇಲೊಂದು ಚಮಚ ತುಪ್ಪ ಹಾಕಿದರೆ ಗಾತ್ರ ಹೆಚ್ಚದೆ ಶಕ್ತಿ ಹೆಚ್ಚುತ್ತದೆ. ಬೇಯಿಸಿ ಮಸೆದ ಕುಂಬಳ, ಸೊಪ್ಪು, ಕಿವುಚಿದ ಬಾಳೆಹಣ್ಣು ಒಂದೊಂದಾಗಿ ಬರಬೇಕು. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸಗಳನ್ನು ಮಿದುವಾಗಿ ಬೇಯಿಸಿ ಕೊಡುವುದರಿಂದ ಕಬ್ಬಿಣದ ಅಂಶವು ಸುಲಭವಾಗಿ ದೊರೆಯುತ್ತದೆ. ಮೊಟ್ಟೆಯನ್ನು ವರ್ಷ ತುಂಬುವವರೆಗೆ ಕೊಡಕೂಡದೆಂಬ ಹಿಂದಿನ ಉಪದೇಶವನ್ನು ಈಗ ಕೈಬಿಡಲಾಗಿದೆ. ಬೇಳೆಯ ಕಟ್ಟಿನ ಮಾತನ್ನೂ ಇಲ್ಲಿ ಹೇಳಬೇಕು. ಮಗುವಿಗೆ ಪುಷ್ಟಿಯೆಂದು ಮೇಲಿನ ತಿಳಿಯನ್ನು ಬಸಿದು ಕೊಡುತ್ತಾರೆ. ತಳದ ಬೇಳೆ ದೊಡ್ಡವರ ತಟ್ಟೆಗೆ ಹೋಗುತ್ತದೆ. ಪುಷ್ಟಿಯಿರುವುದು ತಳದಲ್ಲಿ.

ಪ್ರಾರಂಭದಲ್ಲಿ ಎರಡು ಮೂರು ಚಮಚ ಸಾಕು. ಕೆಲವು ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ ಉಣಿಸಬೇಕು. ಎಂಟು ತಿಂಗಳಿಗೆ ಮಗು ತಾನೇ ಕೈಯಲ್ಲಿ ಹಿಡಿದು ತಿನ್ನಬಲ್ಲುದು. ಇಡ್ಲಿಯ ಚೂರು, ಬೆಂದ ಗೆಣಸು ಅದಕ್ಕೆ ಒಳ್ಳೆಯವು. ಇಡಿಯ ಕಡಲೆಕಾಯಿ ಬೀಜದಂಥವು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಕೂಡದು. ವರ್ಷ ತುಂಬುವ ವೇಳೆಗೆ ಖಾರ ಹಾಕುವ ಮುನ್ನ ತೆಗೆದಿಟ್ಟ ಮನೆಯ ಅಡುಗೆಯನ್ನೇ ಅದು ಉಣ್ಣಬಲ್ಲುದು. ಹಿಂದೆ ಕೂಸಿಗೆ ಹಾಲು, ಔಷಧಿಗಳನ್ನು ಒಳಲೆಯಿಂದ ಹುಯ್ಯುತ್ತಿದ್ದರು. ಒಳಲೆ, ಬಟ್ಟಲು, ಚಮಚಗಳನ್ನು ಉಜ್ಜಿ ತೊಳೆದು ಕುದಿಸಬಹುದು. ಬಾಟಲಿಯ ರಬ್ಬರಿನ ಮೂತಿಯೊಳಗೆ ಉಳಿದ ಕೊಳೆ ಕಣ್ಣಿಗೂ ಕಾಣದು. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಾಪಾಯವನ್ನು ತರುವುದುಂಟು. ಭೇದಿಯಾದಾಗ ಊಟವನ್ನು ನಿಲ್ಲಿಸುವ ಪದ್ಧತಿಯೂ ತಪ್ಪು. ಸೊರಗಿದ ಮಗುವಿಗೆ ಆಗಲೇ ಅನ್ನದ ಅಗತ್ಯ ಹೆಚ್ಚು. ಆದರೆ ಎಂದಿಗೂ ಮೂಗು ಹಿಡಿದು, ಕೈಕಾಲು ಒತ್ತಿ ತಿನ್ನಿಸಬಾರದು. ಬಾಯಿ ತಿರುಗಿಸಿದ ಮಗು ಸಾಕೆಂದು ಹೇಳುತ್ತಿದೆ. ಚಂದಮಾಮನನ್ನು ತೋರಿಸಿ, ಮಾತನಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರಾಯಿತು.

ಮೈಸೂರಿನಿಂದ ಸುಮಾರು 30 ಕಿಲೊಮೀಟರು ದೂರದಲ್ಲಿ, ಕಾವೇರಿ ಕಪಿಲೆಯರ ಸಂಗಮದಲ್ಲಿರುವ ಟಿ. ನರಸೀಪುರವು ಈ ಕಥೆಯ ಇನ್ನೊಂದು ಸ್ಥಳ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಈ ತಾಲ್ಲೂಕು. ಅಲ್ಲಿ 100 ಅಂಗನವಾಡಿಗಳು ತೆರೆದುವು. ಇಂದು ರಾಜ್ಯದ ಊರೂರಿನಲ್ಲಿಯೂ ಅಂಗನವಾಡಿಯುಂಟು. ಮೂರು ವರ್ಷ ದಾಟಿದ ಮಕ್ಕಳು ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಆರು ತಿಂಗಳಿಂದ ಮೂರು ವರ್ಷದವರೆಗಿನವರ ಪಾಲನ್ನು ಮನೆಗೆ ಒಯ್ಯಲು ಕೊಡುತ್ತಾರೆ. ಮನೆಗೆ ಹೋದ ಪೊಟ್ಟಣವು ಅಣ್ಣ ಅಕ್ಕಂದಿರಿಗೂ ಹಂಚಿಹೋಗುವುದು ಸಹಜ. ತಾಯಿಯನ್ನು ಇದಕ್ಕಾಗಿ ದೂರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳ ಪೈಕಿ ಸಾಕಷ್ಟು ಬಗೆಯ ಆಹಾರವನ್ನು ಸಾಕಷ್ಟು ಸಲ ಪಡೆಯುತ್ತಿದ್ದವರು ನೂರಕ್ಕೆ ಹನ್ನೊಂದು ಮಂದಿ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವನ್ನು ತೂಗಿ, ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆಯಿಟ್ಟು ಗೆರೆ ಎಳೆಯುತ್ತಾರೆ. ಐದಾರು ತಿಂಗಳವರೆಗೆ ಮೇಲೇರುತ್ತ ಬಂದ ಗೆರೆಯು ಏಳನೆಯ ಎಂಟನೆಯ ತಿಂಗಳಲ್ಲಿ ಅಡ್ಡಲಾಗಿ ಮಲಗಿಬಿಡುವುದುಂಟು. ಆಗ ತಾಯಿಯನ್ನು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಒಂದು ಲೋಟ ಸರಿಗೆ ಎಷ್ಟು ಚಮಚ ಹಿಟ್ಟು ಹಾಕುತ್ತೀರಮ್ಮ? ದಿನಕ್ಕೆ ಎಷ್ಟು ಸಲ ತಿನ್ನಿಸುತ್ತೀರಿ?